ಕೈಕಾಲು ಸೋತರೂ ಕಣ್ಣು ಹೊರಳುವುದು ಏಕೆ?

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರ ಏಪ್ರಿಲ್‌ನಲ್ಲಿ ಎಎಲ್‌ಎಸ್ ಎಂಬ, ಸ್ನಾಯುಗಳನ್ನು ನಡೆಸುವ ನರಕೋಶಗಳೇ ಸಾಯುವ ಕಾಯಿಲೆಗೆ ಟೋಫರ್ಸೆನ್ ಎಂಬ ಔಷಧವನ್ನು ಒಪ್ಪಿತು. ಮರುತಿಂಗಳು ನ್ಯೂಯಾರ್ಕ್‌ನ ವೈದ್ಯರು ಒಬ್ಬ ರೋಗಿಗೆ ಮುಖದ ಒಂದು ಭಾಗದೊಡನೆ ಇಡೀ ಕಣ್ಣನ್ನೇ ಕಸಿ ಮಾಡಿದರು. ಇದರ ನಡುವೆ ಪ್ರಯೋಗಾಲಯಗಳಿಂದ ಮತ್ತೊಂದು ಬಗೆಯ ಸುದ್ದಿ ಬರುತ್ತಲೇ ಇದೆ: ಎಎಲ್‌ಎಸ್‌ನಲ್ಲಿ ದೇಹದ ನರಕೋಶಗಳು ಒಂದೊಂದಾಗಿ ಸತ್ತರೂ ಕಣ್ಣಿನ ನರಕೋಶಗಳು ಉಳಿಯುತ್ತವೆ, ಅವುಗಳ ಗುಟ್ಟು ತಿಳಿದರೆ ಚಿಕಿತ್ಸೆ ಸಿಗಬಹುದು ಎಂಬುದು.

ಬೇರೆ ಬೇರೆಯಾದ ಈ ಸುದ್ದಿಗಳು ಮೊಬೈಲಿನಿಂದ ಮೊಬೈಲಿಗೆ ಸಾಗುವಾಗ ಒಂದರೊಳಗೊಂದು ಬೆರೆತುಹೋಗಿವೆ. ಕಣ್ಣಿನ ನರ ಸಾಯುವುದಿಲ್ಲ ಎಂದಾದರೆ ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳುತ್ತದೆಯೇ? ಮಗುವಿನ ಮೆಳ್ಳೆಗಣ್ಣಿಗೆ ಕಾಂಡಕೋಶದ (ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್) ಚುಚ್ಚುಮದ್ದು ಇದೆಯೇ? ಮಂಗಳೂರು, ಮಣಿಪಾಲದ ಆಸ್ಪತ್ರೆಗಳಿಗೆ ಕಾಸರಗೋಡಿನಿಂದ, ಉತ್ತರ ಕನ್ನಡದಿಂದ, ಘಟ್ಟದ ಮೇಲಿನ ಜಿಲ್ಲೆಗಳಿಂದ ಬರುವ ಕುಟುಂಬಗಳಿಗೆ ಇವು ಕುತೂಹಲದ ಪ್ರಶ್ನೆಗಳಲ್ಲ. ಉತ್ತರ ತಪ್ಪಿದರೆ ಹಣವೂ ಹೋಗುತ್ತದೆ, ಚಿಕಿತ್ಸೆಗೆ ಸಿಗಬೇಕಾದ ಸಮಯವೂ ಹೋಗುತ್ತದೆ. ಆದ್ದರಿಂದ ಎಳೆಗಳನ್ನು ಬಿಡಿಸಿ ನೋಡಬೇಕು.

ಒಂದೇ ಹೆಸರು, ಎರಡು ನರ

ಗೊಂದಲ ಹುಟ್ಟುವುದು ‘ಕಣ್ಣಿನ ನರ’ ಎಂಬ ಮಾತಿನಿಂದ. ಈ ಮಾತು ಎರಡು ಬೇರೆ ವ್ಯವಸ್ಥೆಗಳಿಗೆ ಸಲ್ಲುತ್ತದೆ.

ಮೊದಲನೆಯದು ನೋಡುವ ನರ. ಕಣ್ಣಿನ ಒಳಗೋಡೆಯಾದ ಅಕ್ಷಿಪಟಲದಿಂದ ಹೊರಡುವ ಹತ್ತು ಲಕ್ಷಕ್ಕೂ ಹೆಚ್ಚು ತಂತುಗಳ ಕಂತೆ ಅದು. ಬೆಳಕಿನ ಸುದ್ದಿಯನ್ನು ಮಿದುಳಿಗೆ ಒಯ್ಯುತ್ತದೆ. ಹುಟ್ಟಿನಿಂದ ಅದು ಮಿದುಳಿನದೇ ಚಾಚಿಕೆ. ಮಿದುಳು, ಬೆನ್ನುಹುರಿಗಳ ತಂತುಗಳ ಹಾಗೆ ಇದೂ ಒಮ್ಮೆ ತುಂಡಾದರೆ ಮತ್ತೆ ಬೆಳೆಯುವುದಿಲ್ಲ. ಗ್ಲಾಕೋಮಾದಲ್ಲಿ ಸಾಯುವುದು ಈ ನರದ ಕೋಶಗಳು. ನ್ಯೂಯಾರ್ಕ್‌ನಲ್ಲಿ ಕಸಿ ಮಾಡಿದ ಕಣ್ಣಿಗೆ ರಕ್ತ ಹರಿಯಿತು, ಕಣ್ಣು ಜೀವಂತವಾಗಿ ಉಳಿಯಿತು, ಆದರೆ ದೃಷ್ಟಿ ಬರಲಿಲ್ಲ. ದಾನಿಯ ಕಣ್ಣಿನಿಂದ ರೋಗಿಯ ಮಿದುಳಿನವರೆಗೆ ಆ ಲಕ್ಷಾಂತರ ತಂತುಗಳು ಬೆಳೆದು ತಮ್ಮ ತಮ್ಮ ಜಾಗಕ್ಕೆ ಸೇರಬೇಕಿತ್ತು; ಅದನ್ನು ಮಾಡಿಸುವ ವಿದ್ಯೆ ಇನ್ನೂ ಯಾರ ಕೈಗೂ ಬಂದಿಲ್ಲ.

ಎರಡನೆಯದು ಹೊರಳಿಸುವ ನರ. ಈ ಲೇಖನ ಮುಖ್ಯವಾಗಿ ಇದರ ಬಗ್ಗೆ. ಪ್ರತಿ ಕಣ್ಣುಗುಡ್ಡೆಗೂ ಆರು ಸ್ನಾಯುಗಳು, ದೋಣಿಗೆ ಆರು ಕಡೆಯಿಂದ ಹಗ್ಗ ಬಿಗಿದ ಹಾಗೆ. ಅವುಗಳಲ್ಲಿ ನಾಲ್ಕನ್ನು ಮತ್ತು ರೆಪ್ಪೆಯನ್ನೆತ್ತುವ ಸ್ನಾಯುವನ್ನು ಮೂರನೆಯ ಕಪಾಲನರ (ಮಿದುಳಿನಿಂದ ನೇರವಾಗಿ ಹೊರಡುವ ನರಗಳಲ್ಲಿ ಒಂದು) ನಡೆಸುತ್ತದೆ. ಉಳಿದೆರಡರಲ್ಲಿ ಒಂದನ್ನು ನಾಲ್ಕನೆಯದು, ಇನ್ನೊಂದನ್ನು ಆರನೆಯದು. ಈ ನರಗಳ ಕೋಶಗಳು ಕಣ್ಣಿನಲ್ಲಿಲ್ಲ, ಮಿದುಳುಕಾಂಡದಲ್ಲಿವೆ.

ಯಕ್ಷಗಾನದ ಬಣ್ಣದ ವೇಷ ತೆರೆಯ ಮೇಲಿಂದ ಕಣ್ಣು ಹೊರಳಿಸುವುದನ್ನು ನೆನೆಯಿರಿ. ದೃಷ್ಟಿ ಬಲಕ್ಕೆ ಹೋದಾಗ ಬಲಗಣ್ಣು ಕಿವಿಯ ಕಡೆಗೂ ಎಡಗಣ್ಣು ಮೂಗಿನ ಕಡೆಗೂ ತಿರುಗುತ್ತದೆ. ಬಲಗಣ್ಣನ್ನು ಎಳೆಯುವುದು ಆರನೆಯ ನರ, ಎಡಗಣ್ಣನ್ನು ಎಳೆಯುವುದು ಮೂರನೆಯ ನರ. ಬೇರೆ ಬೇರೆ ನರಗಳು, ಬೇರೆ ಬೇರೆ ಸ್ನಾಯುಗಳು. ಆದರೂ ತಾಳ ತಪ್ಪುವುದಿಲ್ಲ. ಆರನೆಯ ನರದ ಮೂಲದಲ್ಲಿರುವ ಕೆಲವು ಕೋಶಗಳು ತಮ್ಮ ತಂತುವನ್ನು ಮಿದುಳುಕಾಂಡದ ಆಚೆ ಬದಿಗೆ ಕಳಿಸಿ ಅಲ್ಲಿನ ಮೂರನೆಯ ನರದ ಕೋಶಗಳಿಗೆ ಅದೇ ಕ್ಷಣದಲ್ಲಿ ಸುದ್ದಿ ಮುಟ್ಟಿಸುವುದರಿಂದ ಈ ಹೊಂದಾಣಿಕೆ ಸಾಧ್ಯವಾಗುತ್ತದೆ. ಇಷ್ಟು ನಾಜೂಕಾದ ಹೆಣಿಗೆ ಗರ್ಭದಲ್ಲಿ ಹೇಗೆ ನಡೆಯುತ್ತದೆ ಎಂಬುದರಲ್ಲೇ ಮುಂದಿನ ಹಲವು ಪ್ರಶ್ನೆಗಳಿಗೆ ಉತ್ತರವಿದೆ.

ನೇಜಿ ಗದ್ದೆಯ ಲೆಕ್ಕ

ಮಳೆಗಾಲದ ಏಣೆಲು ಬೆಳೆಗೆ ನೇಜಿ (ಭತ್ತದ ಸಸಿ) ಹಾಕುವವರು ಎಣಿಸಿ ಹಾಕುವುದಿಲ್ಲ. ಗದ್ದೆಗೆ ಬೇಕಾದುದಕ್ಕಿಂತ ಹೆಚ್ಚೇ ಮೊಳಕೆ ಬರಲಿ ಎಂದು ಬಿತ್ತುತ್ತಾರೆ. ನಾಟಿಯಾಗಿ ಬೇರೂರಿದ್ದು ಉಳಿಯುತ್ತದೆ, ಗದ್ದೆ ಸಿಗದ ಸೂಡಿ ಬದುವಿನ ಮೇಲೆ ಒಣಗುತ್ತದೆ. ಭ್ರೂಣ ನರಕೋಶಗಳನ್ನು ಬೆಳೆಸುವುದೂ ಇದೇ ಕ್ರಮದಲ್ಲಿ.

ಮೊದಲ ಹೆಜ್ಜೆ ಗುರುತು. ಮಿದುಳುಕಾಂಡದಲ್ಲಿ ಹುಟ್ಟಿದ ಎಳೆಯ ಕೋಶವೊಂದು ಕಣ್ಣಿನ ಚಾಲಕ ನರಕೋಶ, ಅಂದರೆ ಸ್ನಾಯುವನ್ನು ನಡೆಸುವ ಕೋಶ, ಆಗಬೇಕಾದರೆ ಅದರೊಳಗೆ ಕೆಲವು ವಂಶವಾಹಿಗಳು ಎಚ್ಚರಗೊಳ್ಳಬೇಕು. ಫಾಕ್ಸ್2ಎ ಎಂಬುದು ಅವುಗಳಲ್ಲಿ ಮುಖ್ಯವಾದುದು. ಅದಿಲ್ಲದ ಇಲಿಗಳಲ್ಲಿ ಮೂರನೆಯ ಮತ್ತು ನಾಲ್ಕನೆಯ ನರಗಳ ಕೋಶಗಳೇ ಮೂಡುವುದಿಲ್ಲ. ಎರಡನೆಯ ಹೆಜ್ಜೆ ದಾರಿ. ಕೋಶದಿಂದ ಹೊರಟ ತಂತು ಅಂಗಾಂಶಗಳ ನಡುವೆ ರಾಸಾಯನಿಕ ಸೂಚನೆಗಳನ್ನು ಹಿಡಿದು ತನ್ನ ಸ್ನಾಯುವನ್ನು ಹುಡುಕಿಕೊಂಡು ಹೋಗಬೇಕು. ಕೆಲವು ಸೂಚನೆಗಳು ‘ಬಾ’ ಎನ್ನುತ್ತವೆ, ಕೆಲವು ‘ದೂರವಿರು’ ಎನ್ನುತ್ತವೆ.

ಮೂರನೆಯದು ಉಳಿವು. ತಂತು ಸ್ನಾಯುವನ್ನು ಮುಟ್ಟಿದ ಮೇಲೆ ಸ್ನಾಯುವಿನಿಂದ ಬರುವ ಪೋಷಕ ಪ್ರೋಟೀನುಗಳನ್ನು ಹೀರಿ ತನ್ನ ಕೋಶಕ್ಕೆ ಸಾಗಿಸುತ್ತದೆ. ಅದು ಸಾಕಷ್ಟು ಸಿಗದ ಕೋಶ ತನ್ನನ್ನು ತಾನೇ ಕಳಚಿಕೊಂಡು ಸಾಯುತ್ತದೆ. ಕೋಳಿಯ ಭ್ರೂಣದಲ್ಲಿ ಚಾಲಕ ನರಕೋಶಗಳ ಸುಮಾರು ಅರ್ಧದಷ್ಟು ಹೀಗೆ ಇಲ್ಲವಾಗುತ್ತವೆ. ಇದು ರೋಗವಲ್ಲ, ಬೆಳವಣಿಗೆಯ ನಿಯಮ.

ಈ ನಿಯಮವನ್ನು ಬೆಳಕಿಗೆ ತಂದವರಲ್ಲಿ ಇಟಲಿಯ ರೀಟಾ ಲೆವಿ-ಮೊಂಟಾಲ್ಚಿನಿ ಪ್ರಮುಖರು. ಯಹೂದಿ ಎಂಬ ಕಾರಣಕ್ಕೆ ಮುಸೊಲಿನಿಯ ಕಾನೂನು ಅವರನ್ನು ವಿಶ್ವವಿದ್ಯಾಲಯದಿಂದ ಹೊರಗಿಟ್ಟಾಗ ಅವರು ಮಲಗುವ ಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಂಡು ಕೋಳಿಮೊಟ್ಟೆಗಳ ಮೇಲೆ ಕೆಲಸ ಮಾಡಿದರು. ನರಗಳನ್ನು ಪೋಷಿಸುವ ಅಂಶವನ್ನು ಕಂಡುಹಿಡಿದುದಕ್ಕೆ 1986ರಲ್ಲಿ ಸ್ಟಾನ್ಲಿ ಕೋಹೆನ್ ಅವರೊಂದಿಗೆ ನೊಬೆಲ್ ಬಂತು. ಬದುಕಲು ಪ್ರತಿ ನರಕೋಶಕ್ಕೂ ತನ್ನ ಗುರಿಯಿಂದ ಆಹಾರ ಸಿಗಬೇಕು ಎಂಬ ಅರಿವು ಬಂದುದು ಆ ದಾರಿಯಿಂದ. ಕಾಂಡಕೋಶ ಚಿಕಿತ್ಸೆಯ ಜಾಹೀರಾತುಗಳನ್ನು ಅಳೆಯುವಾಗ ಇದನ್ನು ನೆನಪಿಡಬೇಕಾಗುತ್ತದೆ.

ದಾರಿ ತಪ್ಪಿದ ತಂತು

ಕೆಲವು ಮಕ್ಕಳು ಹುಟ್ಟಿನಿಂದಲೇ ಒಂದು ಕಣ್ಣನ್ನು ಹೊರಕ್ಕೆ ತಿರುಗಿಸಲಾರರು. ಅದೇ ಕಣ್ಣನ್ನು ಮೂಗಿನ ಕಡೆಗೆ ತಂದರೆ ಗುಡ್ಡೆ ಒಳಕ್ಕೆ ಸರಿದು ರೆಪ್ಪೆಗಳ ನಡುವಿನ ಅಂತರ ಕಿರಿದಾಗುತ್ತದೆ. ಇದನ್ನು ಡ್ಯೂಯೇನ್ ಸಿಂಡ್ರೋಮ್ ಎನ್ನುತ್ತಾರೆ. ಅಲೆಕ್ಸಾಂಡರ್ ಡ್ಯೂಯೇನ್ 1905ರಲ್ಲಿ ಇದನ್ನು ವಿವರವಾಗಿ ಬರೆದ ನಂತರ ಬಹುಕಾಲ ದೋಷ ಸ್ನಾಯುವಿನದು ಎಂಬ ಅಭಿಪ್ರಾಯಕ್ಕೆ ಬಲವಿತ್ತು. ಸ್ನಾಯು ಗಡುಸಾಗಿದೆ, ಎಲಾಸ್ಟಿಕ್‌ನಂತೆ ಹಿಗ್ಗುತ್ತಿಲ್ಲ ಎಂಬುದು ಆ ವಾದ. ನರದ ಕಡೆಯ ವಾದವೂ ಇತ್ತು, ಆದರೆ ಪುರಾವೆ ಸಾಲದಾಗಿತ್ತು.

1980ರ ದಶಕದ ಆರಂಭದಲ್ಲಿ ನಡೆದ ಶವಪರೀಕ್ಷೆಗಳು ವಾದವನ್ನು ನರದ ಕಡೆಗೆ ತಿರುಗಿಸಿದವು. ಆರನೆಯ ನರವೇ ಅಲ್ಲಿರಲಿಲ್ಲ. ಅದು ಸೇರಬೇಕಿದ್ದ ಸ್ನಾಯುವಿಗೆ ಮೂರನೆಯ ನರದ ಕವಲೊಂದು ಬಂದು ಸೇರಿತ್ತು. ಹಾಗಾಗಿ ಕಣ್ಣನ್ನು ಒಳಕ್ಕೆ ಎಳೆಯುವ ಆಜ್ಞೆ ಬಂದಾಗ ಹೊರಕ್ಕೆ ಎಳೆಯುವ ಸ್ನಾಯುವೂ ಬಿಗಿಯುತ್ತದೆ. ಎರಡು ಹಗ್ಗ ಒಟ್ಟಿಗೆ ಜಗ್ಗಿ ಗುಡ್ಡೆ ಹಿಂದಕ್ಕೆ ಸರಿಯುತ್ತದೆ. ಬಾಸ್ಟನ್ ಮಕ್ಕಳ ಆಸ್ಪತ್ರೆಯ ಎಲಿಜಬೆತ್ ಎಂಗಲ್ ಅವರ ತಂಡ ಮತ್ತು ಅದರ ಸಹಯೋಗಿಗಳು ಇಂಥ ದೋಷಗಳ ಹಿಂದಿನ ವಂಶವಾಹಿಗಳನ್ನು ಒಂದೊಂದಾಗಿ ಗುರುತಿಸುತ್ತ ಬಂದರು. ಫಾಕ್ಸ್2ಎ ದೋಷ ಮನುಷ್ಯರಲ್ಲಿ ಕಂಡದ್ದು 2001ರಲ್ಲಿ. ಗಲ್ಲ ಮೇಲೆತ್ತಿಯೇ ನೋಡಬೇಕಾದ, ರೆಪ್ಪೆ ಜೋತ ಮಕ್ಕಳಲ್ಲಿ ಕೆಐಎಫ್21ಎ ಸಿಕ್ಕಿದ್ದು 2003ರಲ್ಲಿ. ಡ್ಯೂಯೇನ್‌ನ ಕೆಲವು ಕುಟುಂಬಗಳಲ್ಲಿ ಸಿಎಚ್‌ಎನ್1 ಸಿಕ್ಕಿದ್ದು 2008ರಲ್ಲಿ. ಗರ್ಭಿಣಿಯರು ನುಂಗಿ ಮಕ್ಕಳು ಅಂಗದೋಷದೊಡನೆ ಹುಟ್ಟಿದ ಥಾಲಿಡೊಮೈಡ್ ಮಾತ್ರೆಯ ದುರಂತವೂ ದೋಷ ನರದ್ದು ಎಂಬುದಕ್ಕೆ ಸಾಕ್ಷಿ ನುಡಿಯಿತು. ಗರ್ಭದ ನಾಲ್ಕನೆಯ ವಾರದ ಆಸುಪಾಸಿನಲ್ಲಿ ತಾಯಿ ಆ ಮಾತ್ರೆ ನುಂಗಿದ್ದ ಮಕ್ಕಳಲ್ಲಿ ಡ್ಯೂಯೇನ್ ಬಗೆಯ ದೋಷ ಕಂಡುಬಂತು. ನರಗಳ ಮೂಲ ರೂಪುಗೊಳ್ಳುವ ಕಾಲ ಅದು. ಎಷ್ಟೋ ತಾಯಂದಿರಿಗೆ ಗರ್ಭ ನಿಂತದ್ದೇ ಆಗ ತಿಳಿದಿರುವುದಿಲ್ಲ.

ಎಲ್ಲ ಮೆಳ್ಳೆಗಣ್ಣಿಗೂ ಇದೇ ಕಾರಣವಲ್ಲ ಎಂಬುದನ್ನು ಒತ್ತಿ ಹೇಳಬೇಕು. ಡ್ಯೂಯೇನ್‌ನಂಥವು ಒಟ್ಟು ಮೆಳ್ಳೆಗಣ್ಣುಗಳಲ್ಲಿ ನೂರಕ್ಕೆ ಕೆಲವೇ. ಎಷ್ಟೋ ಮಕ್ಕಳಿಗೆ ಕನ್ನಡಕವೊಂದರಿಂದಲೇ ಕಣ್ಣು ನೇರವಾಗುತ್ತದೆ. ಆದರೆ ಕಾರಣ ಯಾವುದೇ ಇರಲಿ, ಎರಡು ಕಣ್ಣು ಎರಡು ಚಿತ್ರ ಕಳಿಸಿದಾಗ ಎಳೆಯ ಮಿದುಳು ಒಂದನ್ನು ಕೈಬಿಡುತ್ತದೆ. ಕೈಬಿಟ್ಟ ಕಣ್ಣಿನ ಸಂಪರ್ಕಗಳು ಕ್ಷೀಣಿಸಿ ಆ ಕಣ್ಣು ಮಂದವಾಗುತ್ತದೆ. ಏಳೆಂಟು ವರ್ಷದೊಳಗೆ ಚಿಕಿತ್ಸೆ ಆರಂಭವಾದರೆ ಫಲ ಹೆಚ್ಚು, ನಂತರ ಕಡಿಮೆಯಾಗುತ್ತ ಹೋಗುತ್ತದೆ. ಮೆಳ್ಳೆಗಣ್ಣು ಅದೃಷ್ಟದ ಗುರುತು, ದೊಡ್ಡವರಾದ ಮೇಲೆ ತಾನೇ ಸರಿಹೋಗುತ್ತದೆ ಎಂಬ ಮಾತು ಇಂದಿಗೂ ಮಕ್ಕಳ ದೃಷ್ಟಿಯನ್ನು ತಿನ್ನುತ್ತಿದೆ. ಅಂಗನವಾಡಿ ಮತ್ತು ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಮಗುವಿನ ಕಣ್ಣಿನ ಬಗ್ಗೆ ಚೀಟಿ ಬರೆದುಕೊಟ್ಟರೆ ಅದನ್ನು ಕಪಾಟಿನಲ್ಲಿ ಇಡಬಾರದು.

ನರವೇ ಇಲ್ಲದ ಮಗುವಿಗೆ ಶಸ್ತ್ರಚಿಕಿತ್ಸೆ ಏನು ಮಾಡಬಲ್ಲದು? ಸ್ನಾಯುಗಳ ಜಾಗ ಬದಲಿಸಿ ಕಣ್ಣನ್ನು ನೇರ ನಿಲ್ಲಿಸಬಲ್ಲದು, ಕತ್ತು ವಾಲಿಸಿ ನೋಡುವ ಕಷ್ಟವನ್ನು ತಗ್ಗಿಸಬಲ್ಲದು. ಹುಟ್ಟದ ನರವನ್ನು ಹುಟ್ಟಿಸಲಾರದು. ಇದನ್ನು ಮೊದಲೇ ಬಿಡಿಸಿ ಹೇಳಿದರೆ ತಂದೆತಾಯಿ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುವುದು ತಪ್ಪುತ್ತದೆ.

ಕೊನೆಯವರೆಗೆ ನಿಲ್ಲುವ ಕೋಶಗಳು

ಈಗ ಎಎಲ್‌ಎಸ್‌ನ ಒಗಟು. ಈ ಕಾಯಿಲೆಯಲ್ಲಿ ಮಿದುಳು ಮತ್ತು ಬೆನ್ನುಹುರಿಯ ಚಾಲಕ ನರಕೋಶಗಳು ಸಾಯುತ್ತವೆ. ಕೈ, ಕಾಲು, ನಾಲಿಗೆ, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಬಹುಪಾಲು ರೋಗಿಗಳಿಗೆ ಲಕ್ಷಣ ಕಂಡ ಮೇಲೆ ಎರಡರಿಂದ ಐದು ವರ್ಷ. 1963ರಲ್ಲಿ ರೋಗ ಪತ್ತೆಯಾಗಿ 2018ರವರೆಗೆ ಬದುಕಿದ ಸ್ಟೀಫನ್ ಹಾಕಿಂಗ್ ಅವರದು ತೀರಾ ಅಪರೂಪದ ಉದಾಹರಣೆ. ಹೀಗೆ ಎಲ್ಲವೂ ಕುಸಿಯುವಾಗಲೂ ಕಣ್ಣನ್ನು ಹೊರಳಿಸುವ ಕೋಶಗಳು ಬಹುಮಟ್ಟಿಗೆ ನಿಲ್ಲುತ್ತವೆ. ಪೂರ್ತಿ ಅಜೇಯವೇನಲ್ಲ, ಕೃತಕ ಉಸಿರಾಟದಲ್ಲಿ ಹಲವು ವರ್ಷ ಬದುಕಿದ ಕೆಲವರಲ್ಲಿ ಕಣ್ಣಿನ ಚಲನೆಯೂ ಕುಂದಿದೆ.

ಏಕೆ ನಿಲ್ಲುತ್ತವೆ ಎಂಬುದಕ್ಕೆ ವಿಜ್ಞಾನಿಗಳಲ್ಲಿ ಎರಡು ನಿಲುವುಗಳಿವೆ.

ಒಂದು ಪಕ್ಷದ ಪ್ರಕಾರ ಬಲ ಕೋಶದೊಳಗೇ ಇದೆ. ನರಕೋಶ ಮಿಡಿಯುವಾಗ ಒಳನುಗ್ಗುವ ಕ್ಯಾಲ್ಸಿಯಂ ಮಿತಿಮೀರಿದರೆ ವಿಷವಾಗುತ್ತದೆ. ಕಣ್ಣಿನ ಚಾಲಕ ಕೋಶಗಳಲ್ಲಿ ಅದನ್ನು ಹಿಡಿದಿಡುವ ಪಾರ್ವಾಲ್ಬುಮಿನ್‌ನಂಥ ಪ್ರೋಟೀನು ಧಾರಾಳವಾಗಿದೆ. ಇಲಿಗಳಲ್ಲಿ ಬೇಗ ಸಾಯುವ ಕೋಶಗಳಲ್ಲಿರುವ ಎಂಎಂಪಿ-9 ಎಂಬ ಕಿಣ್ವ ಕಣ್ಣಿನ ಕೋಶಗಳಲ್ಲಿ ಇಲ್ಲ ಎಂದು 2014ರಲ್ಲಿ ತಿಳಿಯಿತು. ಸ್ವೀಡನ್‌ನ ಇವಾ ಹೆಡ್‌ಲುಂಡ್ ಅವರ ತಂಡ ಐಜಿಎಫ್-2 ಎಂಬ ಪೋಷಕ ಅಂಶ ಈ ಕೋಶಗಳಲ್ಲಿ ಹೆಚ್ಚಿರುವುದನ್ನು ತೋರಿಸಿತು.

ಇನ್ನೊಂದು ಪಕ್ಷ ಸ್ನಾಯುವಿನ ಕಡೆ ಬೆರಳು ತೋರುತ್ತದೆ. ಕಣ್ಣಿನ ಸ್ನಾಯು ಕೈಕಾಲಿನ ಸ್ನಾಯುವಿನಂತಲ್ಲ. ಕಾಲಿನಲ್ಲಿ ಒಂದು ನರಕೋಶ ನೂರಾರು ಸ್ನಾಯುತಂತುಗಳನ್ನು ಸಲಹಬೇಕು, ಕಣ್ಣಿನಲ್ಲಿ ಕೆಲವನ್ನಷ್ಟೇ. ಹೊರೆ ಕಡಿಮೆ, ಜೊತೆಗೆ ಸ್ನಾಯುವಿನಿಂದ ಬರುವ ಪೋಷಣೆ ವಯಸ್ಸಾದ ಮೇಲೂ ನಿಲ್ಲುವುದಿಲ್ಲ. ಡುಷೆನ್ ಸ್ನಾಯುಕ್ಷಯ ಸ್ನಾಯುವಿನದೇ ಕಾಯಿಲೆ. ಅದರಲ್ಲೂ ಕಣ್ಣಿನ ಸ್ನಾಯು ಪಾರಾಗುತ್ತದೆ. ಆ ಸ್ನಾಯುವಿನ ಕಸುವೇ ಬೇರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ ಎಂದು ಇವರು ಕೇಳುತ್ತಾರೆ.

ಎರಡರಲ್ಲೂ ಹುರುಳಿದೆ. ಆದರೂ ನನಗೆ ಮೊದಲ ವಾದ ಒಂದು ತೂಕ ಹೆಚ್ಚೆನಿಸುತ್ತದೆ. ಹೆಡ್‌ಲುಂಡ್ ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಅದಕ್ಕೆ ಕಾರಣ. ಇಲಿಯ ಕಾಂಡಕೋಶಗಳಲ್ಲಿ ಅದೇ ಫಾಕ್ಸ್2ಎ ವಂಶವಾಹಿಯನ್ನು ಚುರುಕುಗೊಳಿಸಿ ಕಣ್ಣಿನ ಚಾಲಕ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಲಾಯಿತು. ಅಲ್ಲಿ ಕಣ್ಣಿನ ಸ್ನಾಯು ಇರಲಿಲ್ಲ. ಆದರೂ ವಿಷಕಾರಿ ಪ್ರಚೋದನೆಯನ್ನು ಅವು ಬೆನ್ನುಹುರಿಯ ಕೋಶಗಳಿಗಿಂತ ಚೆನ್ನಾಗಿ ತಾಳಿದವು. ಹುಟ್ಟುವಾಗ ಪಡೆದ ಗುರುತೇ ಕೊನೆಗಾಲದ ತಾಳಿಕೆಗೂ ಒಂದು ಕಾರಣ ಎಂದು ಇದರಿಂದ ಊಹಿಸಬಹುದು.

ಜೋಲುವ ರೆಪ್ಪೆ ಎಂದರೆ ಎಎಲ್‌ಎಸ್ ಅಲ್ಲ

ಕೋಶ ಗಟ್ಟಿಯಿದ್ದರೂ ನರ ಮತ್ತು ಸ್ನಾಯು ಸೇರುವ ಜಾಗ ಗಟ್ಟಿಯಿಲ್ಲ. ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆ ಬಹಳ ಬಾರಿ ಕಣ್ಣಿನಲ್ಲೇ ಶುರುವಾಗುತ್ತದೆ: ಬೆಳಿಗ್ಗೆ ಚೆನ್ನಾಗಿರುವ ರೆಪ್ಪೆ ಸಂಜೆಗೆ ಜೋಲುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಇದಕ್ಕೆ ಒಳ್ಳೆಯ ಔಷಧವಿದೆ. ನಾಗರಹಾವು ಕಚ್ಚಿದವರಲ್ಲಿ ರೆಪ್ಪೆ ಮೊದಲು ಜೋಲುವುದೂ ವಿಷ ಅದೇ ಸಂಧಿಯನ್ನು ಹಿಡಿಯುವುದರಿಂದ.

ಸಕ್ಕರೆ ಕಾಯಿಲೆಯವರಲ್ಲಿ ಮೂರನೆಯ ಅಥವಾ ಆರನೆಯ ನರಕ್ಕೆ ರಕ್ತ ಸಾಲದೆ ಕಣ್ಣು ಇದ್ದಕ್ಕಿದ್ದಂತೆ ವಾಲುವುದುಂಟು. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಸರಿಯಾಗುತ್ತದೆ. ಆದರೆ ರೆಪ್ಪೆ ಜೋತು, ಪಾಪೆಯೂ ಹಿಗ್ಗಿ, ತಲೆ ಸಿಡಿಯುತ್ತಿದ್ದರೆ ಅದು ತುರ್ತು. ಪಾಪೆಯ ತಂತುಗಳು ಮೂರನೆಯ ನರದ ಹೊರಮೈಯಲ್ಲಿ ಸಾಗುತ್ತವೆ. ಉಬ್ಬಿದ ರಕ್ತನಾಳ ಒತ್ತಿದಾಗ ಮೊದಲ ಪೆಟ್ಟು ಅವಕ್ಕೆ. ಹಾಗಿದ್ದಾಗ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಹೊರಡಬೇಕು.

ಚಿಕಿತ್ಸೆ ಎಲ್ಲಿಗೆ ಬಂದಿದೆ

ಪೋಷಕ ಅಂಶಗಳು ಕೋಶವನ್ನು ಉಳಿಸುತ್ತವೆ ಎಂದಾದರೆ ಅವನ್ನೇ ರೋಗಿಗೆ ಕೊಡಬಾರದೇಕೆ? 1990ರ ದಶಕದಲ್ಲಿ ಕೊಟ್ಟು ನೋಡಿದ್ದಾಗಿದೆ. ಸಿಎನ್‌ಟಿಎಫ್, ಬಿಡಿಎನ್‌ಎಫ್ ಎಂಬ ಅಂಶಗಳ ದೊಡ್ಡ ಪ್ರಯೋಗಗಳು ಎಎಲ್‌ಎಸ್ ರೋಗಿಗಳಲ್ಲಿ ಸೋತವು. ಚರ್ಮದಡಿ ಚುಚ್ಚಿದ ಪ್ರೋಟೀನು ರಕ್ತದಲ್ಲಿ ಬೇಗ ಕರಗಿಹೋಗುತ್ತದೆ, ಮಿದುಳಿಗೆ ಕಾವಲಿರುವ ತಡೆಯನ್ನು ದಾಟುವುದೂ ಅದಕ್ಕೆ ಕಷ್ಟ. ಈಗ ವೈರಸ್‌ನ ಬೆನ್ನ ಮೇಲೆ ವಂಶವಾಹಿಯನ್ನು ಸ್ನಾಯುವಿಗೆ ಕಳಿಸುವ ದಾರಿ ಹುಡುಕುತ್ತಿದ್ದಾರೆ. ಐಜಿಎಫ್-2 ಹಾಗೆ ಕೊಟ್ಟಾಗ ಎಎಲ್‌ಎಸ್ ಬಗೆಯ ಇಲಿಗಳ ಆಯುಸ್ಸು ಸ್ವಲ್ಪ ಹೆಚ್ಚಿತು. ಇಲಿಯಿಂದ ಮನುಷ್ಯನವರೆಗಿನ ದಾರಿ ದೊಡ್ಡದು.

ಸದ್ಯ ಕೈಯಲ್ಲಿರುವ ಔಷಧಗಳಲ್ಲಿ ಹಳೆಯದು ರಿಲುಝೋಲ್, 1995ರಿಂದ ಬಳಕೆಯಲ್ಲಿದೆ. ಪ್ರಯೋಗಗಳಲ್ಲಿ ಅದು ಕೊಟ್ಟದ್ದು ಎರಡು ಮೂರು ತಿಂಗಳ ಹೆಚ್ಚುವರಿ ಆಯುಸ್ಸು. ಟೋಫರ್ಸೆನ್ ಎಸ್‌ಒಡಿ1 ವಂಶವಾಹಿಯ ದೋಷವಿರುವ, ನೂರರಲ್ಲಿ ಸುಮಾರು ಇಬ್ಬರಿಗೆ ಮಾತ್ರ. ಅದರ ಮುಖ್ಯ ಪ್ರಯೋಗದಲ್ಲಿ 28 ವಾರಗಳಲ್ಲಿ ಕಾಣಬೇಕಿದ್ದ ದೈಹಿಕ ಸುಧಾರಣೆ ಖಚಿತವಾಗಿ ಕಾಣಲಿಲ್ಲ. ನರಹಾನಿಯ ಗುರುತಾದ ಪ್ರೋಟೀನು ರಕ್ತದಲ್ಲಿ ಇಳಿದ ಆಧಾರದ ಮೇಲೆ ಒಪ್ಪಿಗೆ ಸಿಕ್ಕಿತು. ‘ಎಎಲ್‌ಎಸ್‌ಗೆ ಮದ್ದು ಸಿಕ್ಕಿತು’ ಎಂಬ ಶೀರ್ಷಿಕೆಯಲ್ಲಿ ಇದೆಲ್ಲ ಬಿಟ್ಟುಹೋಗುತ್ತದೆ.

ಕಾಂಡಕೋಶದ ವಿಷಯದಲ್ಲಿ ಕುಟುಂಬಗಳ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಕಳೆದುಕೊಳ್ಳಲು ಇನ್ನೇನಿದೆ, ಪ್ರಯತ್ನಿಸಿದರೆ ತಪ್ಪೇನು ಎಂದು ಅವರು ಕೇಳುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯ ನಿಲುವು ಬೇರೆ: ರಕ್ತದ ಕೆಲವು ಕಾಯಿಲೆಗಳಂಥ ಮಾನ್ಯವಾದ ಬಳಕೆಗಳನ್ನು ಬಿಟ್ಟರೆ ಕಾಂಡಕೋಶವನ್ನು ರೋಗಿಗೆ ಕೊಡುವುದು ಅನುಮತಿ ಪಡೆದ ಸಂಶೋಧನೆಯಲ್ಲಿ ಮಾತ್ರ, ಅದನ್ನು ಚಿಕಿತ್ಸೆಯೆಂದು ಮಾರುವಂತಿಲ್ಲ.

ಮಾರ್ಗಸೂಚಿಯ ಬೆನ್ನಿಗೆ ಭ್ರೂಣದ ಲೆಕ್ಕವಿದೆ. ಬೆನ್ನಿನೊಳಗೆ ಚುಚ್ಚಿದ ಕೋಶ ಮೊದಲು ಸರಿಯಾದ ಗುರುತು ಪಡೆಯಬೇಕು. ಭ್ರೂಣದಲ್ಲಿ ಮಿಲಿಮೀಟರುಗಳಷ್ಟಿದ್ದ ದೂರ ಬೆಳೆದ ಮನುಷ್ಯನಲ್ಲಿ ಕಾಲಿನವರೆಗೆ ಮಾರುದ್ದವಾಗಿರುತ್ತದೆ. ದಾರಿ ತೋರುತ್ತಿದ್ದ ಸೂಚನೆಗಳು ಬಹುಪಾಲು ಅಳಿಸಿಹೋಗಿರುತ್ತವೆ. ಗುರಿ ಮುಟ್ಟಿದರೂ ಅಷ್ಟರಲ್ಲಿ ಸ್ನಾಯು ಸೊರಗಿರುತ್ತದೆ. ಗದ್ದೆ ಒಣಗಿದ ಮೇಲೆ ಬದುವಿನಲ್ಲಿ ನೇಜಿ ಚೆಲ್ಲಿದ ಹಾಗೆ. ಪ್ರಯೋಗಾಲಯದ ಸುದ್ದಿಯಲ್ಲಿ ಬರುವ ಕಾಂಡಕೋಶ ರೋಗವನ್ನು ಅರಿಯುವ ಸಾಧನ. ಜಾಹೀರಾತಿನಲ್ಲಿ ಬರುವುದು ಬೆಲೆ ಕಟ್ಟಿದ ಸರಕು. ಕಳೆದುಕೊಳ್ಳಲು ಏನೂ ಇಲ್ಲ ಎನ್ನುವ ಮನೆಯಲ್ಲಿ ಸಾಲವಿಲ್ಲದ ಜಮೀನು ಇರುತ್ತದೆ, ಮಕ್ಕಳ ಓದಿನ ಹಣ ಇರುತ್ತದೆ, ರೋಗಿಯೊಂದಿಗೆ ಕಳೆಯಬಹುದಾದ ದಿನಗಳಿರುತ್ತವೆ.

ಕಣ್ಣಿನಿಂದ ಬರೆಯುವ ಅಕ್ಷರಮಾಲೆ

ಉಳಿಯುವ ಕೋಶಗಳಿಂದ ಇವತ್ತೇ ಆಗುವ ಉಪಯೋಗ ಒಂದಿದೆ. ಮಾತು ನಿಂತ ರೋಗಿ ಕಣ್ಣಿನಿಂದ ಮಾತನಾಡಬಲ್ಲ. ನೋಟವನ್ನು ಗುರುತಿಸಿ ಅಕ್ಷರ ಮೂಡಿಸುವ ಯಂತ್ರಗಳಿವೆ, ಎಲ್ಲರ ಕೈಗೆ ಎಟಕುವಂಥವಲ್ಲ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದನ್ನು ರೋಗಿಯ ಮತ್ತು ನೋಡಿಕೊಳ್ಳುವವರ ಮುಖಗಳ ನಡುವೆ ಹಿಡಿದು ನಡೆಸುವ ಕ್ರಮ ಬಹಳ ಹಿಂದಿನಿಂದ ಇದೆ. ಇಂಗ್ಲಿಷಿಗೆ 26 ಅಕ್ಷರ, ಕನ್ನಡಕ್ಕೆ ಕಾಗುಣಿತ, ಒತ್ತು ಎಲ್ಲ ಸೇರಿ ಇದು ಆಗದ ಕೆಲಸ ಎನಿಸಬಹುದು. ಆದರೆ ನಮ್ಮ ವರ್ಣಮಾಲೆಯ ಜೋಡಣೆ ಇದಕ್ಕೆ ಹೇಳಿ ಮಾಡಿಸಿದಂತಿದೆ.

ಹಾಳೆಯ ಅಂಚಿನ ಸುತ್ತ ಎಂಟು ಜಾಗ ಮಾಡಿ. ಹ್ರಸ್ವ ಸ್ವರ, ದೀರ್ಘ ಸ್ವರ, ಕವರ್ಗ, ಚವರ್ಗ, ಟವರ್ಗ, ತವರ್ಗ, ಪವರ್ಗ, ಕೊನೆಗೆ ಯರಲವದ ಗುಂಪು. ಆ ಕೊನೆಯ ಗುಂಪಿನಲ್ಲಿ ಒಂಬತ್ತು ಅಕ್ಷರಗಳಿವೆ. ‘ಳ’ವನ್ನು ಟವರ್ಗದ ಜೊತೆಗಿಟ್ಟರೆ ಅಲ್ಲಿಯೂ ಎಂಟೇ ಉಳಿಯುತ್ತವೆ. ರೋಗಿ ಮೊದಲು ಗುಂಪನ್ನು ನೋಡಬೇಕು, ನಂತರ ಅಕ್ಷರಕ್ಕೆ ಆ ಗುಂಪಿನಲ್ಲಿ ಎಷ್ಟನೆಯ ಸ್ಥಾನವೋ ಹಾಳೆಯ ಅಷ್ಟನೆಯ ಜಾಗವನ್ನು ನೋಡಬೇಕು. ವ್ಯಂಜನದ ಬೆನ್ನಿಗೆ ಸ್ವರ ಬಂದರೆ ಅದು ಕಾಗುಣಿತ, ವ್ಯಂಜನವೇ ಬಂದರೆ ಒತ್ತು. ಮನೆಯಲ್ಲಿ ಆಡುವುದು ತುಳುವಾಗಿರಲಿ, ಕೊಂಕಣಿಯಾಗಿರಲಿ, ಬ್ಯಾರಿಯಾಗಿರಲಿ, ಕನ್ನಡ ಲಿಪಿ ಓದಬಲ್ಲವರಿಗೆಲ್ಲ ಇದು ನಡೆಯುತ್ತದೆ.

ಇದನ್ನು ಕಲಿಯಬೇಕಾದುದು ಮಾತು ನಿಂತ ಮೇಲಲ್ಲ, ನಾಲಿಗೆ ತೊದಲಲು ಆರಂಭವಾದಾಗ. ತಪ್ಪಾದರೆ ಬಾಯಲ್ಲಿ ಹೇಳಿ ತಿದ್ದಿಕೊಳ್ಳಬಹುದಾದ ದಿನಗಳಲ್ಲಿ. ತವರ್ಗದ ಐದನೆಯ ನ, ದೀರ್ಘ ಸ್ವರದ ಈ, ಯರಲವದ ಎರಡನೆಯ ರ, ಹ್ರಸ್ವ ಸ್ವರದ ಉ. ಎಂಟು ನೋಟದಲ್ಲಿ ‘ನೀರು’ ಎಂಬ ಮಾತು ಮೂಡುತ್ತದೆ, ಪಕ್ಕದಲ್ಲಿರುವವರು ಲೋಟ ಎತ್ತಿಕೊಳ್ಳುತ್ತಾರೆ.